ಒಂದು ಲಕ್ಷದ ಅರವತ್ತೈದು ಸಾವಿರದ ದಾರಿ ಹೇಳೋ ಡಬ್ಬ

ಬಹಳ ದಿನ ಆಯ್ತು ಈ ಕಡೆ ತಲೆ ಹಾಕದೆ. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಮೊನ್ನೆ ಭಾನುವಾರ ಅಕ್ಕನ ಮನೆಯಲ್ಲಿ ಊಟದ ಹೊತ್ತಿಗೆ ಶುರುವಾದ ಒಂದು ಜಗಳ ಕಾಫಿ ಹೊತ್ತಾದರೂ ಮುಗಿಯಲಿಲ್ಲ. ಅಲ್ಲಿ ಹೇಳೋಕೆ ಬಿಡದೇ ಇದ್ದ ಮಾತನ್ನೆಲ್ಲ ಇಲ್ಲಿ ಹೇಳಿಬಿಡ್ತೀನಿ, ಇಲ್ಲಾಂದ್ರೆ ನಿದ್ದೆ ಬರಲ್ಲ.

ಅಕ್ಕನ ಮಗ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡ್ತಾನೆ, ಮನೆ ಹೂಡಿಯಲ್ಲಿ. ಕಂಪನಿಯವರು ಕೊಟ್ಟಿದ್ದ ಷೇರು ಮಾರಿ ಒಂದಷ್ಟು ದುಡ್ಡು ಬಂದಿದೆ. ಚಿಕ್ಕ ಹುಡುಗ ಆಗಿದ್ದಾಗಿಂದ ಗೋಡೆ ತುಂಬಾ ಅಂಟಿಸಿಕೊಂಡಿದ್ದ ಚಿತ್ರಗಳಲ್ಲಿ ಒಂದನ್ನ ನಿಜ ಮಾಡಿಕೊಳ್ಳೋಣ ಅಂತ ಹೊರಟಿದ್ದಾನೆ. ಎರಡು ಬಾಗಿಲು, ಕೆಂಪು ಬಣ್ಣ, ನೆಲಕ್ಕೆ ಅಂಟಿಕೊಂಡ ಹಾಗೆ ಕೂತಿರೋ ಸ್ಪೋರ್ಟ್ಸ್ ಕಾರು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಅವನ ದುಡ್ಡು, ಅವನ ಆಸೆ. ವರ್ತೂರು ರಸ್ತೆಯಲ್ಲಿ ಸಂಜೆ ಆರು ಗಂಟೆಗೆ ಆ ಕಾರೂ ನನ್ನ ಹಳೇ ಡಬ್ಬವೂ ಒಂದೇ ವೇಗದಲ್ಲಿ ಹೋಗ್ತವೆ ಅನ್ನೋದು ಬೇರೆ ಮಾತು.

ಅವನು ಕೇಳಿದ್ದು ಇಷ್ಟೇ. "ಮಾಮ, ಕಂಪನಿಯವರೇ ಹಾಕಿಕೊಡೋ ನ್ಯಾವಿಗೇಶನ್ ಪ್ಯಾಕ್ ತಗೊಳ್ಳಲಾ ಬೇಡ್ವಾ? ಒಂದು ಲಕ್ಷ ಅಂತಿದಾರೆ."

ನಾನು "ಬೇಡ ಕಣೋ" ಅಂದೆ. ಭಾವ "ಅಷ್ಟು ದುಡ್ಡು ಸುರೀತಾ ಇದಾನೆ, ಇದೊಂದಕ್ಕೆ ಯಾಕೆ ಜಿಪುಣತನ, ಎಲ್ಲಾ ಇರೋದೇ ತಗೊಳ್ಳಲಿ ಬಿಡಪ್ಪ" ಅಂದ್ರು. ಇದೇ ನೋಡಿ ನನಗೆ ಉರಿಯೋದು. ಈ "ಎಲ್ಲಾ ಇರೋದೇ ತಗೊಳ್ಳಲಿ" ಅನ್ನೋ ಮಾತಿನ ಮೇಲೇ ಶೋರೂಮಿನವರ ಬದುಕು ನಡೀತಿರೋದು.

ಮೊದಲು ಲೆಕ್ಕ ಹಾಕೋಣ. ಒಂದು ಲಕ್ಷ ಅನ್ನೋದು ತೆರಿಗೆಗೆ ಮುಂಚಿನ ಮಾತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಇಂಜಿನ್ನಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇಕಡಾ 40. ಕಾರಿನ ಬಿಲ್ಲಿನಲ್ಲಿ ಸೇರಿಕೊಂಡ ಮೇಲೆ ನ್ಯಾವಿಗೇಶನ್ನಿಗೂ ಅಷ್ಟೇ. ಅಲ್ಲಿಗೆ ಒಂದು ಲಕ್ಷದ ನಲವತ್ತು ಸಾವಿರ ಆಯ್ತು. ಅದರ ಮೇಲೆ ನಮ್ಮ ಕರ್ನಾಟಕದ ಆಜೀವ ತೆರಿಗೆ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಶೇಕಡಾ 18 ಅಂದ್ರೆ ಇನ್ನೊಂದು 25,200. ಒಟ್ಟು 1,65,200 ರೂಪಾಯಿ. ತೆರಿಗೆ ಮೇಲಿನ ಸೆಸ್ಸು, ಪ್ರತಿ ವರ್ಷದ ವಿಮೆಯಲ್ಲಿ ಏರೋ ಚೂರುಪಾರು ನಾನು ಸೇರಿಸಿಲ್ಲ. ಐದಾರು ವರ್ಷ ಬಿಟ್ಟು ಮಾರೋಕೆ ಹೋದಾಗ ಹಳೇ ನಕ್ಷೆ ಇರೋ ಪರದೆಗೆ ಎಷ್ಟು ಬೆಲೆ ಸಿಗುತ್ತೆ ಅಂತ ಹಳೇ ಕಾರಿನ ವ್ಯಾಪಾರಿಗಳನ್ನ ಕೇಳಿ ನೋಡಿ. ನಗ್ತಾರೆ.

ಸರಿ, ಅಷ್ಟು ಕೊಟ್ಟು ತಗೊಳ್ಳೋದಾದರೂ ಏನನ್ನ?

ಆಕಾಶದಿಂದ ಬರೋ ಸಂಕೇತಕ್ಕಂತೂ ಯಾರೂ ದುಡ್ಡು ಕೇಳಲ್ಲ. ಅಮೆರಿಕದವರು 2000ನೇ ಇಸವಿ ಮೇ ತಿಂಗಳಲ್ಲಿ ಜಿಪಿಎಸ್‌ಗೆ ಬೇಕಂತಲೇ ಹಾಕಿದ್ದ ಮಸುಕನ್ನ ತೆಗೆದು, ಜನಸಾಮಾನ್ಯರಿಗೂ ನಿಖರವಾಗಿ ಸಿಗೋ ಹಾಗೆ ಮಾಡಿದರು. ನಮ್ಮದೇ ಇಸ್ರೋದವರ ನಾವಿಕ್ ಇದೆ, ಅದರ ಕೇಂದ್ರ ಇರೋದು ಇಲ್ಲೇ ಬ್ಯಾಲಾಳಿನಲ್ಲಿ, 2013ರಲ್ಲಿ ಶುರುವಾಯ್ತು. ಅದೂ ಪುಕ್ಕಟೆ. ಕಾರಿನವರು ಮಾರೋದು ಸಂಕೇತವನ್ನಲ್ಲ, ನಕ್ಷೆಯನ್ನ. ಆ ನಕ್ಷೆ ಕಾರು ತಯಾರಾಗೋಕೆ ಎಷ್ಟೋ ತಿಂಗಳು ಮೊದಲೇ ಕಟ್ಟಿ ಇಟ್ಟಿದ್ದು. ನಿನ್ನೆಯ ಇಡ್ಲಿ ಬಿಸಿ ಮಾಡಿ ಬಡಿಸಿದ ಹಾಗೆ.

ರಸ್ತೆ ಬದಲಾಗದ ಊರಿಗೆ ಹಳೇ ನಕ್ಷೆ ನಡೆಯುತ್ತೆ. ನಮ್ಮೂರಿಗೆ? ಪೀಣ್ಯದ ಕಥೆ ತಗೊಳ್ಳಿ. ಗೊರಗುಂಟೆಪಾಳ್ಯದಿಂದ ತುಮಕೂರು ರಸ್ತೆ ಮೇಲೆ ಹೋಗೋ ಫ್ಲೈಓವರನ್ನ 2021ರ ಡಿಸೆಂಬರ್ ಕೊನೆಗೆ ಏಕಾಏಕಿ ಮುಚ್ಚಿದರು. ಒಳಗಿನ ಉಕ್ಕಿನ ಕೇಬಲ್ಲುಗಳಲ್ಲಿ ದೋಷ ಅಂತ. 2022ರ ಫೆಬ್ರವರಿಯಲ್ಲಿ ಸಣ್ಣ ಗಾಡಿಗಳಿಗೆ ಬಿಟ್ಟರು. ಲಾರಿ ಬಸ್ಸುಗಳಿಗೆ ಬಿಟ್ಟಿದ್ದು 2024ರ ಜುಲೈನಲ್ಲಿ, ಅದೂ ಶುಕ್ರವಾರ ಬಿಟ್ಟು. ಈಗ ಹೇಳಿ, ಯಾವ ಡಿಸ್ಕಿನಲ್ಲಿ, ಯಾವ ಎಸ್‌ಡಿ ಕಾರ್ಡಿನಲ್ಲಿ ಇದನ್ನ ಬರೆದಿಡ್ತೀರಿ? ವರ್ಷಕ್ಕೊಮ್ಮೆ ಬರೋ ನಕ್ಷೆಗೆ ಆ ಫ್ಲೈಓವರ್ ಮುಚ್ಚಿದ್ದೂ ಗೊತ್ತಾಗಲ್ಲ, ತೆರೆದಿದ್ದೂ ಗೊತ್ತಾಗಲ್ಲ. ಅದರ ಪಾಲಿಗೆ ಎಲ್ಲಾ ದಿನವೂ ಒಂದೇ.

ಹೊರವರ್ತುಲ ರಸ್ತೆ ಇನ್ನೊಂದು ಪುರಾಣ. ಸಿಲ್ಕ್ ಬೋರ್ಡಿನಿಂದ ಕೆಆರ್ ಪುರದವರೆಗೆ ಮೆಟ್ರೋ ಕಂಬ ನೆಡೋಕೆ ಶುರು ಮಾಡಿದ್ದು 2021ರಲ್ಲಿ. ಅಲ್ಲಿಂದ ಇಲ್ಲಿವರೆಗೆ ಇವತ್ತು ಇದ್ದ ತಿರುವು ನಾಳೆ ಇಲ್ಲ, ಸರ್ವಿಸ್ ರಸ್ತೆ ಎಡಕ್ಕಿದ್ದದ್ದು ಬ್ಯಾರಿಕೇಡಿನ ಆಚೆ ಹೋಗಿರುತ್ತೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಅದೇ ರಸ್ತೆ ಕೆರೆ ಆಗಿ, ಬೆಳ್ಳಂದೂರಿನ ಕಡೆ ಜನ ಟ್ರ್ಯಾಕ್ಟರ್ ಹತ್ತಿಕೊಂಡು ಆಫೀಸಿಗೆ ಹೋದದ್ದು ನೆನಪಿದೆ ತಾನೆ? ಕಾರಿನೊಳಗಿನ ನಕ್ಷೆಯಲ್ಲಿ ಆವತ್ತೂ ಅದು ನೀಟಾಗಿ ಬಳಿದ ಹಳದಿ ಗೆರೆಯೇ.

ನನ್ನ ಸ್ವಂತ ಅನುಭವ ಒಂದು ಹೇಳಿ ಮುಂದೆ ಹೋಗ್ತೀನಿ. 2013ರಲ್ಲಿ ನಾನೂ ಇದೇ ಬಲೆಗೆ ಬಿದ್ದಿದ್ದೆ. ಸ್ಪೋರ್ಟ್ಸ್ ಕಾರಲ್ಲ ಬಿಡಿ, ಅಷ್ಟು ಯೋಗ್ಯತೆ ಇಲ್ಲ. ಸಾಧಾರಣ ಕಾರು, ಆದರೆ ನ್ಯಾವಿಗೇಶನ್ ಬೇಕು ಅಂತ ಮೇಲಿನ ದರ್ಜೆಯದ್ದಕ್ಕೆ ಎಪ್ಪತ್ತು ಸಾವಿರ ಜಾಸ್ತಿ ಕೊಟ್ಟೆ. ಮೊದಲ ವರ್ಷ ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಎರಡನೇ ವರ್ಷ ಬೊಮ್ಮಸಂದ್ರದ ಒಳಗಡೆ ಒಂದು ಹೊಸ ರಸ್ತೆಯಲ್ಲಿ ಹೋಗ್ತಿದ್ದರೆ ನನ್ನ ಕಾರು ಹೊಲದ ಮಧ್ಯೆ ಹೋಗ್ತಿರೋ ಹಾಗೆ ತೋರಿಸ್ತಾ, "ಸಾಧ್ಯವಾದಾಗ ಹಿಂದಿರುಗಿ" ಅಂತ ಇಂಗ್ಲಿಷಿನಲ್ಲಿ ಬೇಡಿಕೊಳ್ತಾ ಇತ್ತು. ಸರ್ವಿಸಿನವರನ್ನ ಕೇಳಿದರೆ ಹೊಸ ನಕ್ಷೆಯ ಕಾರ್ಡಿಗೆ ಒಂಬತ್ತು ಸಾವಿರ ಅಂದರು. ಹಾಕಿಸಿದೆ. ಆ ಹೊಸ ನಕ್ಷೆಯಲ್ಲೂ ಆ ರಸ್ತೆ ಇರಲಿಲ್ಲ! ಆಮೇಲೆ ಆ ಪರದೆ ಹಾಡು ಕೇಳೋಕೆ, ಹಿಂದಿನ ಕ್ಯಾಮೆರಾ ನೋಡೋಕೆ ಮಾತ್ರ. ಫೋನನ್ನ ಕಪ್ ಇಡೋ ಗೂಡಿಗೆ ನಿಲ್ಲಿಸಿಕೊಂಡು ಓಡಾಡಿದೆ. ಎಪ್ಪತ್ತೊಂಬತ್ತು ಸಾವಿರದ ಪಾಠ.

"ಅದೆಲ್ಲ ಹಳೇ ಕಾಲ ಮಾಮ, ಈಗಿನದರಲ್ಲಿ ಸಿಮ್ ಇರುತ್ತೆ, ಲೈವ್ ಟ್ರಾಫಿಕ್ ಬರುತ್ತೆ" ಅಂದ ನಮ್ಮ ಹುಡುಗ. ಬರುತ್ತೆ ಕಣಪ್ಪ, ಎಷ್ಟು ವರ್ಷ? ಪುಕ್ಕಟೆ ಅವಧಿ ಮುಗಿದ ಮೇಲೆ ಚಂದಾ ಕಟ್ಟಬೇಕು. ಚಂದಾ ಕಟ್ಟಿದರೂ ಆ ಸಿಮ್ಮಿನ ಆಯಸ್ಸು ಕಾರಿನ ಆಯಸ್ಸಿಗಿಂತ ಕಡಿಮೆ. ಅಮೆರಿಕದಲ್ಲಿ 2022ರಲ್ಲಿ ಮೊಬೈಲ್ ಕಂಪನಿಗಳು 3ಜಿ ನಿಲ್ಲಿಸಿದಾಗ ಇನ್ನೂ ಚೆನ್ನಾಗಿ ಓಡ್ತಿದ್ದ ಎಷ್ಟೋ ಕಾರುಗಳ ಸಂಪರ್ಕ ಸೇವೆ ರಾತ್ರೋರಾತ್ರಿ ಸತ್ತುಹೋಯ್ತು. ಕಾರು ಹದಿನೈದು ವರ್ಷ ಬಾಳುತ್ತೆ. ಫೋನನ್ನ ನಾವು ಮೂರ್ನಾಲ್ಕು ವರ್ಷಕ್ಕೆ ಬದಲಾಯಿಸ್ತೀವಿ. ಬೇಗ ಮುದಿಯಾಗೋ ವಸ್ತುವನ್ನ ನಿಧಾನವಾಗಿ ಮುದಿಯಾಗೋ ವಸ್ತುವಿನ ಹೊಟ್ಟೆಯೊಳಗೆ ಹೊಲಿದು ಮಾರೋದಿದೆಯಲ್ಲ, ನನ್ನ ಮುಖ್ಯ ಆಕ್ಷೇಪ ಇರೋದೇ ಅಲ್ಲಿ.

ಎದುರು ವಾದಗಳನ್ನ ನಾನು ಮುಚ್ಚಿಡಲ್ಲ. ಕಾರಿನೊಳಗಿನದಕ್ಕೆ ಒಂದು ನಿಜವಾದ ಗುಣ ಇದೆ. ಅದರ ಆಂಟೆನಾ ಮೇಲ್ಛಾವಣಿಯಲ್ಲಿರುತ್ತೆ, ಚಕ್ರ ಎಷ್ಟು ಸುತ್ತಿತು, ಕಾರು ಯಾವ ಕಡೆ ತಿರುಗಿತು ಅನ್ನೋದೂ ಅದಕ್ಕೆ ಗೊತ್ತು. ಹಾಗಾಗಿ ಸುರಂಗದಲ್ಲಿ, ಫ್ಲೈಓವರ್ ಅಡಿಯಲ್ಲಿ ಉಪಗ್ರಹ ಕಾಣದೇ ಇದ್ದಾಗಲೂ ಲೆಕ್ಕ ಹಾಕಿಕೊಂಡು ತಾನಿರೋ ಜಾಗ ಹೇಳುತ್ತೆ. ಫೋನು ಇಲ್ಲಿ ತಡವರಿಸುತ್ತೆ. ಹೊಸೂರು ರಸ್ತೆಯಲ್ಲಿ ಇದನ್ನ ಎಲ್ಲರೂ ಅನುಭವಿಸಿರ್ತೀರಿ. 2010ರ ಜನವರಿಯಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಸುಮಾರು ಹತ್ತು ಕಿಲೋಮೀಟರ್. ಮೇಲೆ ಟೋಲ್ ಕೊಟ್ಟು ಹೋಗೋರು, ಕೆಳಗೆ ಸಿಂಗಸಂದ್ರದ ಸಿಗ್ನಲ್ಲುಗಳಲ್ಲಿ ತೆವಳೋರು, ಇಬ್ಬರೂ ಆಕಾಶದಿಂದ ನೋಡಿದರೆ ಒಂದೇ ಗೆರೆಯ ಮೇಲೆ. 2024ರ ಜುಲೈನಲ್ಲಿ ರಾಗಿಗುಡ್ಡ ಸಿಲ್ಕ್ ಬೋರ್ಡ್ ಮಧ್ಯೆ ಡಬಲ್ ಡೆಕ್ಕರ್ ಬೇರೆ ಬಂತು. ಕೆಳಗೆ ರಸ್ತೆ, ನಡುವೆ ರಸ್ತೆ, ಮೇಲೆ ಮೆಟ್ರೋ. ಅಲ್ಲಿ ಫೋನು "ಬಲಕ್ಕೆ ತಿರುಗಿ" ಅಂದರೆ ಮೇಲಿರೋನು ಎಲ್ಲಿಗೆ ತಿರುಗಬೇಕು, ಗಾಳಿಗಾ? :-)

ಆದರೆ ಸ್ವಲ್ಪ ಯೋಚಿಸಿ. ನಾವಿರೋದು ಮೇಲೋ ಕೆಳಗೋ ಅನ್ನೋದು ನಮಗೇ ಕಾಣುತ್ತೆ. ಬೇಕಾಗಿರೋದು ಹತ್ತೋಕೆ ಮುಂಚೆ ಹತ್ತಬೇಕಾ ಬೇಡವಾ ಅನ್ನೋ ಮಾತು. ಅದನ್ನ ಗೂಗಲ್ ನಕ್ಷೆಯವರು 2024ರ ಜುಲೈನಲ್ಲಿ ಭಾರತದ 40 ನಗರಗಳಿಗೆ ಕೊಡ್ತೀವಿ ಅಂತ ಪ್ರಕಟಿಸಿದರು. ಕಾರು ಹೋಗದ ಇಕ್ಕಟ್ಟು ರಸ್ತೆಗಳನ್ನ ತಪ್ಪಿಸೋ ಸೌಲಭ್ಯವನ್ನೂ ಅದೇ ಸಮಯದಲ್ಲಿ ಕೆಲವು ನಗರಗಳಿಗೆ ಕೊಟ್ಟರು, ಅದರಲ್ಲಿ ಬೆಂಗಳೂರೂ ಇದೆ. ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್ ಆಪ್ ಹಂಪು, ಗುಂಡಿ ಇದ್ದರೆ ಎಚ್ಚರಿಸುತ್ತೆ. ಇದಕ್ಕೆಲ್ಲ ಅಕ್ಕನ ಮಗ ಒಂದು ರೂಪಾಯಿ ಕೊಟ್ಟಿಲ್ಲ. ಫೋನಿಗೆ ತಾನಾಗೇ ಬಂತು.

ಎರಡನೇ ವಾದ, ನೆಟ್‌ವರ್ಕ್ ಇಲ್ಲದ ಕಡೆ ಏನು ಮಾಡ್ತೀರಿ ಅಂತ. ಇಂಥ ಕಾರು ತಗೊಂಡೋರು ಶನಿವಾರ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋಗೋದು ಚಾರ್ಮಾಡಿ, ಆಗುಂಬೆ, ಕುದುರೆಮುಖದ ಕಡೆಗೇ. ಅಲ್ಲಿ ಸಿಗ್ನಲ್ ಬರೋದು ಹೋಗೋದು ನಿಜ. ಹೊರಡೋ ಮುಂಚೆ ಆ ಜಿಲ್ಲೆಗಳ ನಕ್ಷೆ ಇಳಿಸಿಟ್ಟುಕೊಳ್ಳಿ, ಐದು ನಿಮಿಷದ ಕೆಲಸ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ 2004ರಿಂದ ಸ್ವಯಂಸೇವಕರೇ ಕಟ್ಟುತ್ತಾ ಬಂದಿರೋ ನಕ್ಷೆ ಇದೆ, ಅದನ್ನ ಇಟ್ಟುಕೊಂಡ ಆಪ್‌ಗಳು ಪೂರ್ತಿ ಆಫ್‌ಲೈನ್ ಕೆಲಸ ಮಾಡ್ತವೆ. ಅಲ್ಲದೆ ಚಾರ್ಮಾಡಿಯಲ್ಲಿ ಇರೋದು ಒಂದೇ ರಸ್ತೆ ಮಾರಾಯ್ರೆ, ದಾರಿ ತಪ್ಪೋಕೆ ಜಾಗವಾದರೂ ಎಲ್ಲಿದೆ?

ಮೂರನೇದು ಭಾವನ ವಾದ. "ಫೋನ್ ನೋಡ್ಕೊಂಡು ಓಡಿಸಿದರೆ ಪೊಲೀಸಿನವರು ಹಿಡೀತಾರೆ." ಕೈಯಲ್ಲಿ ಹಿಡ್ಕೊಂಡು ಮಾತಾಡಿದರೆ ಹಿಡೀಲೇಬೇಕು. ಆದರೆ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮದ ಪ್ರಕಾರ, ಚಾಲಕನ ಗಮನ ಕೆಡದ ಹಾಗೆ ದಾರಿ ನೋಡೋಕೆ ಮಾತ್ರ ಫೋನ್ ಬಳಸಬಹುದು. ಈಗಿನ ಕಾರುಗಳಲ್ಲಂತೂ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಇರುತ್ತೆ, ಫೋನಿನ ನಕ್ಷೆ ಕಾರಿನ ದೊಡ್ಡ ಪರದೆ ಮೇಲೇ ಬರುತ್ತೆ. ಫೋನು ಜೇಬಲ್ಲೇ ಇರಲಿ.

ಹಾಗಂತ ಫೋನ್ ನಕ್ಷೆಯನ್ನ ದೇವರು ಅಂತ ನಾನು ಹೇಳ್ತಿಲ್ಲ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದಲ್ಲಿ, ಮುಂದಿನ ಭಾಗ ಪ್ರವಾಹಕ್ಕೆ ಕೊಚ್ಚಿಹೋಗಿದ್ದ ಸೇತುವೆ ಹತ್ತಿದ ಕಾರು ರಾಮಗಂಗಾ ನದಿಗೆ ಬಿದ್ದು ಮೂವರು ತೀರಿಕೊಂಡರು. ಮೊಬೈಲ್ ನಕ್ಷೆ ನೋಡಿಕೊಂಡು ಹೋಗ್ತಿದ್ದರು ಅಂತ ವರದಿ ಆಯ್ತು. ಅಡ್ಡಗಟ್ಟೆ ಹಾಕದೇ ಇದ್ದ ಅಧಿಕಾರಿಗಳ ಮೇಲೂ ಕೇಸಾಯ್ತು. ಯಾವ ಪರದೆಯನ್ನ ನಂಬಿದರೂ ಗಾಜಿನಾಚೆ ನೋಡಲೇಬೇಕು. ಆದರೆ ಒಂದೂವರೆ ಲಕ್ಷ ಕೊಟ್ಟ ಪರದೆ ಆ ಸೇತುವೆ ಬಗ್ಗೆ ಏನಾದರೂ ಹೆಚ್ಚು ತಿಳ್ಕೊಂಡಿರುತ್ತಿತ್ತಾ? ಅದು ನನ್ನ ಪ್ರಶ್ನೆ.

ಇಲ್ಲಿ ಒಂದು ವಿಷಯ ಹೇಳ್ಬೇಕು. ಮೊದಲ ಬಾರಿಗೆ ಜಿಪಿಎಸ್ ನ್ಯಾವಿಗೇಶನ್ ಹಾಕಿಕೊಂಡು ಮಾರುಕಟ್ಟೆಗೆ ಬಂದ ಕಾರು 1990ರ ಯೂನೋಸ್ ಕಾಸ್ಮೋ, ಜಪಾನಿನ ಮಾಜ್ದಾದವರದ್ದು. ಅದೂ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೇ. ಅವರಿಗೆ ಅದು ಬೇಕಿತ್ತು, ಯಾಕಂದ್ರೆ ಜಪಾನಿನಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರಿಲ್ಲ, ಮನೆ ನಂಬರು ಎಷ್ಟೋ ಕಡೆ ಕಟ್ಟಿದ ಕ್ರಮದಲ್ಲಿ. ನಮ್ಮ ಪೀಣ್ಯದ ಎರಡನೇ ಹಂತ, ನಾಲ್ಕನೇ ಫೇಸು, ಒಂಬತ್ತನೇ ಅಡ್ಡರಸ್ತೆಗಳಿಗೆ ಅಣ್ಣ ಅಂದ್ಕೊಳ್ಳಿ. ಮೂವತ್ತೈದು ವರ್ಷದ ಹಿಂದೆ ಫೋನಿಗೆ ಗೋಡೆಯ ತಂತಿ ಇತ್ತು, ಆಗ ಕಾರಿನೊಳಗೇ ನಕ್ಷೆ ಇಡೋದು ಜಾಣತನ. ಆ ಕಾರಣ ಹೋಗಿ ಎಷ್ಟು ಕಾಲವಾಯ್ತು, ಬೆಲೆ ಮಾತ್ರ ಹೋಗಿಲ್ಲ. (ನಮ್ಮ ಬೆಂಗಳೂರಿನ ಸ್ಯಾನ್ ಮೋಟರ್ಸಿನವರು ತೊಂಬತ್ತರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಅಂತ ಒಂದು ಪುಟಾಣಿ ಸ್ಪೋರ್ಟ್ಸ್ ಕಾರು ತಂದಿದ್ದರು, ರೆನೋ ಇಂಜಿನ್ನು, 60 ಅಶ್ವಶಕ್ತಿ. ಅದು ಓಡಿದಷ್ಟು ದಿನ ಪಾನ್ ಅಂಗಡಿಯವರನ್ನ ಕೇಳ್ಕೊಂಡೇ ಓಡಿರಬೇಕು.)

ಸ್ಕೂಟರಿನ ಮಾತು ಬೇರೆ, ಅದನ್ನ ಒಪ್ತೀನಿ. ಏಥರ್‌ನವರು 2018ರಲ್ಲಿ ಬೆಂಗಳೂರಿನಲ್ಲಿ 450 ಬಿಟ್ಟಾಗ ಅದನ್ನ ತಯಾರಿಸ್ತಿದ್ದದ್ದು ವೈಟ್‌ಫೀಲ್ಡಿನಲ್ಲೇ, ಆಮೇಲೆ ಹೊಸೂರಿಗೆ ಹೋದರು. ಹ್ಯಾಂಡಲ್ ಮಧ್ಯದ ಪರದೆಯಲ್ಲೇ ದಾರಿ ಬರುತ್ತೆ. ಆ ಸೌಲಭ್ಯಕ್ಕೂ ಪ್ಯಾಕು ಅಂತ ಬೇರೆ ದುಡ್ಡು ಕೇಳ್ತಾರೆ, ನನಗೆ ಅದೂ ಹಿಡಿಸಲ್ಲ. ಆದರೆ ಸ್ಕೂಟರಿನಲ್ಲಿ ಹೋಗೋನು ಜುಲೈ ಮಳೆಯಲ್ಲಿ ಫೋನನ್ನ ಎಲ್ಲಿ ಇಟ್ಟುಕೊಳ್ಳಬೇಕು? ಹೆಲ್ಮೆಟ್ಟಿನೊಳಗೆ ಸಿಕ್ಕಿಸಿಕೊಂಡು ಹೋಗೋ ಡೆಲಿವರಿ ಹುಡುಗರನ್ನ ನೋಡಿದಾಗಲೆಲ್ಲ ಅಲ್ಲಿ ಈ ಪರದೆಗೆ ಅರ್ಥ ಇದೆ ಅನ್ಸುತ್ತೆ. ಕಾರಿಗೆ ಛಾವಣಿ ಇದೆಯಲ್ಲ.

ನಿಜವಾಗಿ ಹೆದರಬೇಕಾದ ಸಂಗತಿ ಇನ್ನೊಂದಿದೆ, ಇದನ್ನ ಊಟದ ಮನೆಯಲ್ಲಿ ಹೇಳೋಕೆ ಆಗಲಿಲ್ಲ. ಜನ ಈ ಪ್ಯಾಕು ಬೇಡ ಅನ್ನೋಕೆ ಶುರು ಮಾಡಿದ್ದು ಕಂಪನಿಗಳಿಗೆ ಗೊತ್ತಾಗಿದೆ. ಅದಕ್ಕೆ ಅವರು ಹುಡುಕಿರೋ ಮದ್ದು, ಫೋನನ್ನೇ ಹೊರಗೆ ಹಾಕೋದು. ಅಮೆರಿಕದ ಜನರಲ್ ಮೋಟರ್ಸಿನವರು 2023ರಲ್ಲಿ ತಮ್ಮ ಮುಂದಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಕೊಡಲ್ಲ ಅಂದರು. ಅದಕ್ಕೂ ಮುಂಚೆ ಬಿಎಂಡಬ್ಲ್ಯು ಅಮೆರಿಕದಲ್ಲಿ ಕಾರ್‌ಪ್ಲೇಗೆ ವರ್ಷಕ್ಕೆ 80 ಡಾಲರ್ ಬಾಡಿಗೆ ಇಟ್ಟು, ಜನ ಛೀಮಾರಿ ಹಾಕಿದ ಮೇಲೆ 2019ರ ಕೊನೆಗೆ ಕೈಬಿಟ್ಟಿತು. ಛೀಮಾರಿ ಹಾಕಿದ್ದಕ್ಕೆ ಬಿಟ್ಟರು, ಇದನ್ನ ಗಮನಿಸಿ. ಇಲ್ಲಿ ನಮ್ಮ ಭಾವನಂಥವರು "ಇರಲಿ ಬಿಡಪ್ಪ" ಅಂತ ಲಕ್ಷ ಎಣಿಸಿ ಕೊಡ್ತಾ ಹೋದರೆ, ನಾಳೆ ಸಾಧಾರಣ ಕಾರು ತಗೊಳ್ಳೋ ನನ್ನಂಥವನಿಗೂ ಬೇರೆ ದಾರಿ ಇರಲ್ಲ. ಸ್ಪೋರ್ಟ್ಸ್ ಕಾರಿನಲ್ಲಿ ಶುರುವಾದ ಚಾಳಿ ಇಳೀತಾ ಇಳೀತಾ ಆಲ್ಟೋವರೆಗೆ ಬರುತ್ತೆ.

ಇನ್ನು ಕನ್ನಡದ ವಿಷಯ, ಅದು ಇಲ್ಲದೆ ನಮ್ಮ ಯಾವ ಬರಹ ಮುಗಿಯುತ್ತೆ ಹೇಳಿ. ಗೂಗಲ್ ನಕ್ಷೆ 2018ರಿಂದ ಕನ್ನಡದಲ್ಲಿ ದಾರಿ ಹೇಳುತ್ತೆ. ಆ ಕನ್ನಡ ಸ್ವಲ್ಪ ಗ್ರಾಂಥಿಕ, ಆದರೂ ಕನ್ನಡ. ಈ ಪ್ಯಾಕಿನಲ್ಲಿ ಕನ್ನಡ ಇದೆಯಾ ಅಂತ ಅಕ್ಕನ ಮಗ ಶೋರೂಮಿನಲ್ಲಿ ಕೇಳಿದನಂತೆ. ಜರ್ಮನ್ ಇದೆ, ಫ್ರೆಂಚ್ ಇದೆ, ಇನ್ನೂ ಏನೇನೋ ಇದೆ, ಕನ್ನಡ ಇಲ್ಲ. ನನ್ನ ಹಳೇ ಕಾರಿನ ಇಂಗ್ಲಿಷ್ ಹೆಂಗಸು ಗೊರಗುಂಟೆಪಾಳ್ಯವನ್ನ "ಗೋರಗಂಟೀ ಪಲ್ಯ" ಮಾಡಿದ್ದಳು, ಕಾಡುಬೀಸನಹಳ್ಳಿಯನ್ನ ಹೇಗೆ ಕಡಿದು ತುಂಡು ಮಾಡ್ತಿದ್ದಳು ಅಂದ್ರೆ ಊರಿನವರು ಕೇಳಿದ್ದರೆ ಅಳೋರು. ತಮಾಷೆಗೆ ಹೇಳ್ತಿಲ್ಲ. ಈ ಹೊರವಲಯದಲ್ಲಿ ಊರಿನ ಹೆಸರುಗಳು ಅಪಾರ್ಟ್‌ಮೆಂಟಿನ, ಟೆಕ್ ಪಾರ್ಕಿನ ಹೆಸರಿನಡಿ ಆಗಲೇ ಮುಳುಗ್ತಾ ಇವೆ. ಇಮ್ಮಡಿಹಳ್ಳಿ, ಹಗದೂರು, ದೊಡ್ಡನೆಕ್ಕುಂದಿ, ಪಣತ್ತೂರು ಎಲ್ಲಿದೆ ಅಂತ ಅಲ್ಲೇ ಐದು ವರ್ಷದಿಂದ ಇರೋರನ್ನ ಕೇಳಿ ನೋಡಿ, ಯಾವುದೋ ವಿಲ್ಲಾದ ಹೆಸರು ಹೇಳ್ತಾರೆ. ಕಾರು ಕಂಪನಿ ಮುಚ್ಚಿಟ್ಟ ನಕ್ಷೆಯಲ್ಲಿ ಹೆಸರು ತಪ್ಪಿದ್ದರೆ ನಾವು ಮಾಡೋದೇನೂ ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಕನ್ನಡದ ಹೆಸರಿಗೆ ಬೇರೆಯೇ ಜಾಗ ಇದೆ, ನೀವು ಇವತ್ತು ರಾತ್ರಿ ಕೂತು ನಿಮ್ಮೂರಿನ ಕೆರೆಯ ಹೆಸರು ಬರೆದರೆ ಜಗತ್ತಿಗೇ ಕಾಣುತ್ತೆ. ನಾನು ನಮ್ಮ ಏರಿಯಾದ್ದು ನಲವತ್ತೊಂದು ಹಾಕಿದ್ದೀನಿ, ಜಂಭ ಅಂದ್ಕೊಂಡರೂ ಸರಿ.

ಜಗಳ ಎಲ್ಲಿಗೆ ಬಂತು ಅಂತ ಕೇಳ್ತೀರಲ್ವಾ. ಶೋರೂಮಿನವರು ಹಳೇ ಮಂತ್ರ ಹಾಕಿದರು. ಪ್ಯಾಕ್ ಇರೋ ಕಾರು ತಯಾರಿದೆ, ಮುಂದಿನ ವಾರವೇ ಕೊಡ್ತೀವಿ. ಬೇಡ ಅಂದರೆ ನಾಲ್ಕು ತಿಂಗಳು ಕಾಯಬೇಕು. ಭಾವ "ನಾಲ್ಕು ತಿಂಗಳು ಯಾಕೆ ಕಾಯ್ತೀಯ, ತಗೊಂಡು ಬಿಡು" ಅಂದರು. ಅಕ್ಕ "ಆಷಾಢದಲ್ಲಿ ಯಾರು ಕಾರು ತರ್ತಾರೆ, ಕಾಯಲಿ" ಅಂದಳು. ಆ ಮನೆಯಲ್ಲಿ ಕೊನೆಯ ಮಾತು ಯಾರದ್ದು ಅಂತ ನಿಮಗೆ ಗೊತ್ತೇ ಇದೆ.

ನಿನ್ನೆ ರಾತ್ರಿ ಹುಡುಗ ಫೋನ್ ಮಾಡಿದ್ದ. "ಮಾಮ, ಉಳಿದ ದುಡ್ಡಿಗೆ ಇನ್ನೊಂದಷ್ಟು ಸೇರಿಸಿ ಮುಂದಿನ ಮೂತಿ ಎತ್ತೋ ವ್ಯವಸ್ಥೆ ಹಾಕಿಸ್ತಿದೀನಿ. ಗುಂಡಿ ಒತ್ತಿದರೆ ಕಾರಿನ ಮೂಗು ಮೇಲೇಳುತ್ತೆ, ಹಂಪಿಗೆ ತಾಗಲ್ಲ." ಅಂಥದ್ದು ಇದೆ ಅಂತ ನನಗೆ ಗೊತ್ತಿತ್ತು. ಪೋರ್ಶೆಯವರ ಕೆಲವು ಕಾರುಗಳಲ್ಲಂತೂ ಒಮ್ಮೆ ಮೂಗು ಎತ್ತಿದ ಜಾಗವನ್ನ ಜಿಪಿಎಸ್‌ನಿಂದ ನೆನಪಿಟ್ಟುಕೊಂಡು ಮುಂದಿನ ಸಲ ಅಲ್ಲಿಗೆ ಬಂದಾಗ ತಾನಾಗೇ ಎತ್ತುತ್ತೆ. ಕಾರಿನೊಳಗೆ ಜಿಪಿಎಸ್ ಇಟ್ಟರೆ ಹೀಗೆ ಇಡಬೇಕು ನೋಡಿ! "ಎಷ್ಟು ಹಂಪಿದೆಯೋ ನಿನ್ನ ದಾರೀಲಿ?" ಅಂದೆ. ಹೂಡಿಯ ಮನೆಯಿಂದ ಆಫೀಸಿನ ಗೇಟಿನವರೆಗೆ ಬೆಳಿಗ್ಗೆ ಎಣಿಸಿಕೊಂಡು ಹೋಗಿದ್ದನಂತೆ. ಹನ್ನೊಂದು. ಅದರಲ್ಲಿ ಎರಡು ಹೋದ ವಾರ ಇರಲಿಲ್ಲವಂತೆ.